ನೆಫ್ರೋಟಿಕ್ ಸಿಂಡ್ರೋಮ್ ಇರುವ ಮಗು: ಊರಿನ ಡಾಕ್ಟರಿಗೂ ಕಿಡ್ನಿ ತಜ್ಞರಿಗೂ ಒಂದೇ ನೋಟ್‌ಬುಕ್

ಬೆಳಿಗ್ಗೆ ಏಳುವಾಗ ಕಣ್ಣು ಊದಿರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುತ್ತದೆ. ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಮರುಕಳಿಸುವ ಕಿಡ್ನಿ ಕಾಯಿಲೆ ಈ ನೆಫ್ರೋಟಿಕ್ ಸಿಂಡ್ರೋಮ್. ಮಕ್ಕಳ ಕಿಡ್ನಿ ತಜ್ಞರು ಸಾಮಾನ್ಯವಾಗಿ ದೊಡ್ಡ ಊರಲ್ಲಿರುತ್ತಾರೆ. ಜ್ವರ ಬಂದ ರಾತ್ರಿ ನೋಡುವವರು ಊರಿನ ಮಕ್ಕಳ ಡಾಕ್ಟರು. ಇಬ್ಬರೂ ಫೋನಲ್ಲಿ ಮಾತಾಡಿಕೊಂಡಿರುತ್ತಾರೆ ಅಂದುಕೊಳ್ಳಬೇಡಿ. ಬಹಳ ಸಲ ಅವರಿಬ್ಬರ ನಡುವೆ ಇರುವುದು ನಿಮ್ಮ ಕೈಚೀಲದ ಕಾಗದಗಳು ಮಾತ್ರ.

ಒಂದು ಗೆರೆ ಹಾಕಿದ ನೋಟ್‌ಬುಕ್ ಇಡಿ. ಬೆಳಗಿನ ಮೊದಲ ಮೂತ್ರಕ್ಕೆ ಡಿಪ್‌ಸ್ಟಿಕ್ (ಪ್ರೋಟೀನ್ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪಟ್ಟಿ) ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟೇ ಸೆಕೆಂಡು ಬಿಟ್ಟು ಬಣ್ಣ ಹೋಲಿಸಿ, ಒಂದು ಸಾಲು ಬರೆಯಿರಿ: ‘ಜೂನ್ 12, ಪ್ರೋಟೀನ್ 3+, 14 ಕೆಜಿ, ಮಾತ್ರೆ ಇಲ್ಲ, ನೆಗಡಿ’. ಮಗು ಚೆನ್ನಾಗಿದ್ದಾಗ ವಾರಕ್ಕೆ ಎರಡು ಮೂರು ಸಲ ಸಾಕು. ಜ್ವರ, ನೆಗಡಿ, ಊತ ಇದ್ದರೆ ದಿನಾ. ಡಬ್ಬಿಯನ್ನು ಬಚ್ಚಲಲ್ಲಿಡಬೇಡಿ, ತೇವ ತಾಗಿದರೆ ಪಟ್ಟಿ ಸುಳ್ಳು ಹೇಳುತ್ತದೆ.

ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಔಷಧಿಯ (ಪ್ರೆಡ್ನಿಸೊಲೋನ್) ಪ್ರಮಾಣವನ್ನು ಯಾವಾಗಲೂ ಮಿಲಿಗ್ರಾಂನಲ್ಲೇ ಬರೆಯಿರಿ. ಪ್ರೆಡ್ನಿಸೊಲೋನ್ ಸಿರಪ್ 5 ಮಿ.ಲೀ.ಗೆ 5 ಮಿ.ಗ್ರಾಂ ಇರುವುದೂ ಸಿಗುತ್ತದೆ, 15 ಮಿ.ಗ್ರಾಂ ಇರುವುದೂ ಸಿಗುತ್ತದೆ. ತಜ್ಞರು ಒಂದನ್ನು ಲೆಕ್ಕಹಾಕಿ, ಊರಿನ ಮೆಡಿಕಲ್ ಶಾಪಿನವರು ಇನ್ನೊಂದನ್ನು ಕೊಟ್ಟರೆ ಮಗುವಿಗೆ ಮೂರು ಪಟ್ಟು ಹೋಗಬಹುದು, ಇಲ್ಲವೇ ಮೂರರಲ್ಲಿ ಒಂದು ಪಾಲು ಮಾತ್ರ. ‘ಒಂದು ಚಮಚ’ ಅಂತ ಬರೆದ ಚೀಟಿಯನ್ನು ಒಪ್ಪಿಕೊಳ್ಳಬೇಡಿ.

ತಜ್ಞರ ಹತ್ತಿರ ಹೋದಾಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಮರುಕಳಿಸಿದರೆ ಔಷಧಿ ಶುರುಮಾಡುವವರು ಯಾರು, ಎಷ್ಟು, ಯಾರಿಗೆ ತಿಳಿಸಬೇಕು. ಸತತ ಮೂರು ದಿನ 3+ ಅಥವಾ ಹೆಚ್ಚು ಬಂದರೆ ಮರುಕಳಿಕೆ ಎನ್ನುತ್ತಾರೆ. ಜ್ವರದಲ್ಲಿ ಒಂದೆರಡು ದಿನ ಏರಿ ತಾನೇ ಇಳಿಯುವುದೂ ಉಂಟು. ಮರುಕಳಿಕೆಗೆ ರೂಢಿಯ ಕ್ರಮದಲ್ಲಿ ಪ್ರೆಡ್ನಿಸೊಲೋನ್ ಕೆಜಿಗೆ 2 ಮಿ.ಗ್ರಾಂನಂತೆ (60 ಮಿ.ಗ್ರಾಂ ಮೀರದೆ) ದಿನಾ, ಮೂತ್ರ ಮೂರು ದಿನ ಸತತ ಶುದ್ಧವಾಗುವವರೆಗೆ, ಆಮೇಲೆ ಕೆಜಿಗೆ 1.5 ಮಿ.ಗ್ರಾಂ (40 ಮೀರದೆ) ದಿನ ಬಿಟ್ಟು ದಿನ, ನಾಲ್ಕು ವಾರ. 14 ಕೆಜಿ ಮಗುವಿಗೆ 28, ನಂತರ 21 ಮಿ.ಗ್ರಾಂ. ಇದು ಡಾಕ್ಟರು ಹೇಳದೆ ಮನೆಯಲ್ಲೇ ಶುರುಮಾಡಲು ಅಲ್ಲ. ‘ನಿಧಾನ ಕಡಿಮೆ ಮಾಡಿ’ ಅಂತಷ್ಟೇ ಬರೆದಿದ್ದರೆ ಪ್ರತಿ ಹಂತಕ್ಕೂ ತಾರೀಖು ಹಾಕಿಸಿಕೊಂಡು, ಆ ಪುಟದ ಫೋಟೊ ಅಂದೇ ಊರಿನ ಡಾಕ್ಟರಿಗೆ ಕಳಿಸಿ.

ಬಹಳ ದಿನ ಕೊಟ್ಟ ಸ್ಟೀರಾಯ್ಡನ್ನು ಮಾತ್ರೆ ಮುಗಿಯಿತೆಂದೋ, ವಾಂತಿಯೆಂದೋ ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಬೇರೆ ಯಾವ ಡಾಕ್ಟರು ನೋಡಿದರೂ ಇದನ್ನು ಮೊದಲು ಹೇಳಿ.

ಲಸಿಕೆ ವಿಷಯದಲ್ಲಿ ಇಬ್ಬರ ಮಾತು ತಪ್ಪಿಹೋಗುವುದು ಹೆಚ್ಚು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಪೋಲಿಯೊ ಹನಿ, ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆ ಹಾಕಿಸಬಾರದು. ಆಶಾ ಕಾರ್ಯಕರ್ತೆಗೂ ತಿಳಿಸಿರಿ. ಆದರೆ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಬೇಕೇ ಬೇಕು. ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೆ ಅದೇ ದಿನ ಫೋನ್ ಮಾಡಿ.

ಒಂದು ವರ್ಷದೊಳಗಿನ ಮಗು, ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ, ಇಳಿಯದ ಬಿಪಿ, ಆರು ವಾರ ದಿನಾ ಮಾತ್ರೆ ಕೊಟ್ಟರೂ ನಿಲ್ಲದ ಪ್ರೋಟೀನ್: ಇಂಥವರನ್ನು ಊರಲ್ಲೇ ಇಟ್ಟುಕೊಳ್ಳದೆ ತಜ್ಞರಿಗೆ ಕಳಿಸಬೇಕು. ಆದರೆ ಜ್ವರದ ಜತೆ ಹೊಟ್ಟೆನೋವು, ಮೂತ್ರ ತೀರಾ ಕಡಿಮೆ, ಉಸಿರಾಟಕ್ಕೆ ಕಷ್ಟ, ಫಿಟ್ಸ್, ಒಂದೇ ಕಾಲು ಊದುವುದು ಕಂಡರೆ ತಜ್ಞರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೊರಡಿ, ನೋಟ್‌ಬುಕ್ ಚೀಲದಲ್ಲಿರಲಿ, ಫೋನ್ ದಾರಿಯಲ್ಲಿ ಮಾಡಬಹುದು.