ದುಡಿಯುತ್ತಲೇ ಓದುವವರಿಗೆ: ಹಣ, ಸಮಯ, ಕಾಗದಪತ್ರಗಳ ಲೆಕ್ಕ

ಶುಲ್ಕ ಕಟ್ಟುವ ಕೊನೆಯ ದಿನ ಕೈ ಖಾಲಿಯಿದ್ದರೆ ಮುಂದಿನ ವಾರ ಬರುವ ಸಂಬಳದಿಂದ ಪ್ರಯೋಜನವಿಲ್ಲ. ಹಾಗಾಗಿ ಮೊದಲು ತಾರೀಖುಗಳನ್ನು ಬರೆದಿಡಿ: ಪ್ರವೇಶ, ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನದ ಅರ್ಜಿ, ಬಾಡಿಗೆ, ಎಲ್ಲವೂ ಒಂದೇ ಹಾಳೆಯಲ್ಲಿ. ಶುಲ್ಕಕ್ಕೆ 8 ತಿಂಗಳಿದ್ದರೆ ಮೊತ್ತವನ್ನು 7ರಿಂದ ಭಾಗಿಸಿ ಎತ್ತಿಡಿ. ಯಾವುದೋ ಒಂದು ತಿಂಗಳು ಕಾಯಿಲೆಯೋ ಕೆಲಸವಿಲ್ಲದ್ದೋ ಆಗಿಯೇ ಆಗುತ್ತದೆ.

ಕಷ್ಟದ ಭಾಗ ಮನೆಗೆ ಕಳಿಸುವ ಹಣದ್ದು. ಕೇಳಿದಾಗಲೆಲ್ಲ ಕಳಿಸುತ್ತಾ ಹೋದರೆ ಶುಲ್ಕದ ದುಡ್ಡು ಗೊತ್ತಾಗದಂತೆ ಕರಗುತ್ತದೆ. ಕಳಿಸದಿದ್ದರೆ ಮನಸ್ಸು ತಡೆಯುವುದಿಲ್ಲ. ಕಳೆದ 6 ತಿಂಗಳಲ್ಲಿ ಅತಿ ಕಡಿಮೆ ಗಳಿಸಿದ ತಿಂಗಳು ಯಾವುದೋ ಅದನ್ನೇ ಆಧಾರವಾಗಿಟ್ಟುಕೊಳ್ಳಿ, ಸರಾಸರಿ ಬೇಡ. ಅದರಲ್ಲಿ ಊಟ, ವಾಸ, ಓಡಾಟ ಕಳೆದು ಉಳಿದದ್ದನ್ನು ಮನೆಗೆ, ಶುಲ್ಕಕ್ಕೆ, ಆಪತ್ತಿಗೆ ಎಂದು ಪಾಲು ಮಾಡಿ. ಮನೆಯ ಪಾಲು ಇಷ್ಟೇ, ಇಂಥ ದಿನವೇ ಬರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿ. ಸಣ್ಣದಾದರೂ ತಪ್ಪದೆ ಬರುವ ಹಣವಾದರೆ ಅವರೂ ಅದನ್ನು ನಂಬಿ ಲೆಕ್ಕ ಹಾಕಬಹುದು. ಆಪತ್ತಿನ ಹಣ ಒಂದು ತಿಂಗಳ ಖರ್ಚಿನಷ್ಟು ಕೂಡಿದ ಮೇಲೆ ಆ ಪಾಲನ್ನೂ ಮನೆಗೆ ಸೇರಿಸಿ.

ಕೈಸಾಲಕ್ಕೆ ಮುನ್ನ ಬಡ್ಡಿಯನ್ನು ವರ್ಷಕ್ಕೆ ತಿರುಗಿಸಿ ನೋಡಿ. ತಿಂಗಳಿಗೆ ನೂರಕ್ಕೆ 5 ಎಂದರೆ ಹಗುರವಾಗಿ ಕೇಳಿಸುತ್ತದೆ. ಕಟ್ಟದೆ ಬಿಟ್ಟು ಚಕ್ರಬಡ್ಡಿಯಾದರೆ ವರ್ಷದ ಕೊನೆಗೆ ನೂರು ಹೋಗಿ ಸುಮಾರು 180 ಆಗಿರುತ್ತದೆ. ಅದಕ್ಕಿಂತ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಬಿಡಿ ಎಂದು ಕಚೇರಿಯಲ್ಲಿ ಕೇಳುವುದು ಮೇಲು. ಗಡುವಿಗೆ ಮುಂಚೆಯೇ, ಬರಹದಲ್ಲಿ ಕೇಳಿ.

ಕೆಲಸ ಆರಿಸುವಾಗ ಕೂಲಿಯನ್ನಷ್ಟೇ ನೋಡಬೇಡಿ. 6 ಗಂಟೆಯ ಕೆಲಸಕ್ಕೆ 2 ಗಂಟೆ ಓಡಾಟವಿದ್ದರೆ ಗಂಟೆಯ ಕೂಲಿ ಕಾಲು ಭಾಗ ಇಳಿದ ಹಾಗೆ. ವಾರಕ್ಕಿರುವುದು 168 ಗಂಟೆ. ನಿದ್ದೆಗೆ 49, ತರಗತಿಗೆ 30, ಕೆಲಸಕ್ಕೆ 24, ಓಡಾಟ ಮತ್ತು ಮನೆಗೆಲಸಕ್ಕೆ 25 ಹೋದರೆ 40 ಉಳಿಯುತ್ತದೆ. ಅದರಲ್ಲಿ ಓದಿಗೆ 15 ಸಿಕ್ಕರೆ ಪುಣ್ಯ. ನಿದ್ದೆ ಕಡಿದು ಇದನ್ನು ಹಿಗ್ಗಿಸಲು ಹೋದವರು ತರಗತಿಯಲ್ಲಿ ತೂಕಡಿಸುತ್ತಾರೆ, ಅದೇ ಪಾಠವನ್ನು ಮತ್ತೆ ಓದಬೇಕಾಗುತ್ತದೆ.

ಇಷ್ಟು ಕಡಿಮೆ ಹೊತ್ತಿನಲ್ಲಿ ಪುಟ ತಿರುವಿ ಓದುವುದು ದುಬಾರಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ತಪ್ಪಿದ್ದನ್ನು ಮಾತ್ರ ಮತ್ತೆ ನೋಡಿ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಇದನ್ನೇ ಮಾಡಿ. ಬಸ್ಸಿಗೆ ಕಾಯುವ ಹತ್ತು ನಿಮಿಷವೂ ಇದಕ್ಕೆ ಸಾಕು.

ವಿದ್ಯಾರ್ಥಿವೇತನದ ಅರ್ಜಿ ಬಿದ್ದುಹೋಗುವುದು ಅಂಕಕ್ಕಷ್ಟೇ ಅಲ್ಲ. ಅಂಕಪಟ್ಟಿಯಲ್ಲೊಂದು ಹೆಸರು, ಬ್ಯಾಂಕ್ ಖಾತೆಯಲ್ಲೊಂದು ಇನಿಷಿಯಲ್, ಅವಧಿ ಮುಗಿದ ಆದಾಯ ಪತ್ರ: ಇಷ್ಟೇ ಸಾಕು. ತಿದ್ದಿಸಲು ವಾರಗಟ್ಟಲೆ ಹಿಡಿಯುವುದರಿಂದ ಅರ್ಜಿ ಕರೆಯುವ ಮೊದಲೇ ಹೊಂದಿಸಿಕೊಳ್ಳಿ.

ಓದು ನಿಲ್ಲಿಸಲೇಬೇಕಾದರೆ ಹೇಳದೆ ಹೋಗಬೇಡಿ. ವಿರಾಮ ಕೋರಿ ಅರ್ಜಿ ಕೊಡಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ, ಮರಳಿ ಸೇರಲು ಎಷ್ಟು ವರ್ಷ ಅವಕಾಶವಿದೆ, ಕಟ್ಟಿದ ಶುಲ್ಕ ಮತ್ತು ಪಾಸಾದ ವಿಷಯಗಳು ಉಳಿಯುತ್ತವೆಯೇ ಎಂದು ಆ ದಿನವೇ ಕೇಳಿ ಬರೆದುಕೊಳ್ಳಿ.