ಉಪಗ್ರಹ ಚಿತ್ರಗಳ ರಾಶಿ: ಕ್ಲೌಡ್‌ನಲ್ಲಿ ಜೋಡಿಸುವುದು ಹೇಗೆ?

ಸೆಂಟಿನೆಲ್-2 ಉಪಗ್ರಹದ ಒಂದು ಚಿತ್ರವೆಂದರೆ ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲದ ನೆಲ. ಅದರಲ್ಲಿ 13 ಬ್ಯಾಂಡ್‌ಗಳಿರುತ್ತವೆ, ಅಂದರೆ ಬೆಳಕಿನ ಬೇರೆ ಬೇರೆ ತರಂಗಗಳಲ್ಲಿ ತೆಗೆದ ಪದರಗಳು. 10 ಮೀಟರ್ ವಿವರದ ಒಂದೇ ಬ್ಯಾಂಡ್ ಕುಗ್ಗಿಸದೆ ಇಟ್ಟರೆ ಸುಮಾರು 240 ಎಂಬಿ. ಇಂಥವು ಸಾವಿರಗಟ್ಟಲೆ ಸೇರಿದಾಗ ಹಾರ್ಡ್‌ಡಿಸ್ಕ್ ಸಾಲುವುದಿಲ್ಲ, ಕ್ಲೌಡ್ ನೆನಪಾಗುತ್ತದೆ. ಆದರೆ ಇದ್ದ ಗೊಂದಲವನ್ನೇ ಎತ್ತಿ ಅಲ್ಲಿಗೆ ಹಾಕಿದರೆ ಏನೂ ಬದಲಾಗದು, ಬಾಡಿಗೆ ಮಾತ್ರ ಜಾಸ್ತಿ!

ಹಾಗಾಗಿ ಮೊದಲು ಪಟ್ಟಿ ಮಾಡಿ. ಯಾವ ಜಾಗ, ಯಾವ ದಿನ, ಯಾವ ಉಪಗ್ರಹ, ಯಾವ ನಿರ್ದೇಶಾಂಕ ಪದ್ಧತಿ (ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ)? ಕಡತದ ಹೆಸರಿನಲ್ಲಿ ದಿನಾಂಕವನ್ನು ವರ್ಷ-ತಿಂಗಳು-ದಿನ ಎಂದೇ ಬರೆಯಿರಿ. ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳು ಬೇಡವೇ ಬೇಡ. ಕ್ಲೌಡ್ ಸಂಗ್ರಹದಲ್ಲಿ ಸಾಮಾನ್ಯವಾಗಿ ನಿಜವಾದ ಫೋಲ್ಡರ್ ಎಂಬುದೇ ಇಲ್ಲ, ಅದು ಹೆಸರಿನ ಒಂದು ತುಂಡು ಅಷ್ಟೆ. ಆಮೇಲೆ ಹೆಸರು ಬದಲಿಸಬೇಕೆಂದರೆ ಪ್ರತಿ ಕಡತವನ್ನೂ ನಕಲು ಮಾಡಿ ಹಳೆಯದನ್ನು ಅಳಿಸಬೇಕಾಗುತ್ತದೆ.

ಇನ್ನು ಕಡತದ ರೂಪ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಸಾಮಾನ್ಯ ಜಿಯೋಟಿಫ್ (ಭೂಮಿಯ ಮೇಲೆ ತನ್ನ ಜಾಗ ಎಲ್ಲಿ ಎಂಬುದನ್ನೂ ಹೊತ್ತ ಚಿತ್ರ ಕಡತ) ಅನ್ನು ‘ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್’ ಆಗಿ ಬದಲಿಸಿ. ಇದರಲ್ಲಿ ಚಿತ್ರ ಸಣ್ಣ ಚೌಕಗಳಾಗಿರುತ್ತದೆ, ಯಾವ ಚೌಕ ಎಲ್ಲಿದೆ ಎಂಬ ಪರಿವಿಡಿ ಕಡತದ ಶುರುವಿನಲ್ಲೇ ಇರುತ್ತದೆ. ತಂತ್ರಾಂಶ ಪರಿವಿಡಿ ಓದಿ, ಬೇಕಾದ ಚೌಕವನ್ನಷ್ಟೇ ತರಿಸಿಕೊಳ್ಳುತ್ತದೆ. 512 × 512 ಪಿಕ್ಸೆಲ್‌ನ ಒಂದು ಚೌಕ ಕುಗ್ಗಿಸದೆಯೂ ಅರ್ಧ ಎಂಬಿ. ಒಂದು ಕೆರೆ ನೋಡಲು 240 ಎಂಬಿ ಯಾಕೆ ಇಳಿಸಬೇಕು, ಅಲ್ವಾ? ಜಿಡಾಲ್ ಎಂಬ ಉಚಿತ ತಂತ್ರಾಂಶದ 3.1ನೇ ಆವೃತ್ತಿಯಿಂದ ಈ ಬದಲಾವಣೆ ಒಂದೇ ಆದೇಶದ ಕೆಲಸ.

ಒಂದು ಎಚ್ಚರಿಕೆ. ದೂರದಿಂದ ನೋಡಲೆಂದು ಇದೇ ಕಡತದೊಳಗೆ ಚಿಕ್ಕ ಪ್ರತಿಗಳೂ ಸೇರುತ್ತವೆ. ಭೂಬಳಕೆ ನಕ್ಷೆಗೆ ಅವನ್ನು ಸರಾಸರಿ ತೆಗೆದು ಮಾಡಬೇಡಿ. 2 ಅಂದರೆ ಕಾಡು, 3 ಅಂದರೆ ಊರು, 4 ಅಂದರೆ ನೀರು ಎಂದಿಟ್ಟುಕೊಳ್ಳಿ. ಸರಾಸರಿ 3 ಬಂದು, ಕೆರೆಯ ದಡದಲ್ಲಿ ಇಲ್ಲದ ಊರು ಹುಟ್ಟಿಕೊಳ್ಳುತ್ತದೆ! ಹತ್ತಿರದ ಪಿಕ್ಸೆಲ್‌ನ ಅಂಕಿಯನ್ನೇ ಉಳಿಸುವ ‘ನಿಯರೆಸ್ಟ್’ ಆಯ್ಕೆ ಬಳಸಿ. ಅಳತೆಗೆ ಬೇಕಾದ ಚಿತ್ರಗಳನ್ನು ಜೆಪೆಗ್ ವಿಧಾನದಲ್ಲಿ ಕುಗ್ಗಿಸಬೇಡಿ, ಅಂಕಿ ಕೆಡಿಸದೆ ಕುಗ್ಗಿಸುವ ಡಿಫ್ಲೇಟ್ ಸಾಕು. ಗಡಿ, ರಸ್ತೆಯಂಥ ಗೆರೆಗಳ ದತ್ತಾಂಶಕ್ಕೆ ಜಿಯೋಪಾರ್ಕೆ ಎಂಬ ಕಡತ ರೂಪ, ಹವಾಮಾನದ ಸರಣಿಗಳಿಗೆ ಜಾರ್ ಎಂಬ ರೂಪ ಒಗ್ಗುತ್ತದೆ.

ಆಮೇಲೆ ಕ್ಯಾಟಲಾಗ್. ‘ಸ್ಟ್ಯಾಕ್’ ಎಂಬ ಮುಕ್ತ ಮಾದರಿಯ 1.0 ಆವೃತ್ತಿ 2021ರಲ್ಲಿ ಬಂತು. ಪ್ರತಿ ಚಿತ್ರಕ್ಕೂ ಒಂದು ಪುಟ್ಟ ಜೇಸನ್ ಕಡತ (ಮಾಹಿತಿ ಬರೆದಿಡುವ ಪಠ್ಯ ಕಡತ): ಗಡಿ, ಸಮಯ, ಮೋಡ ಎಷ್ಟು, ಮೂಲ ಎಲ್ಲಿದೆ. ‘ಈ ತಾಲ್ಲೂಕು, ಮಾರ್ಚ್ ತಿಂಗಳು, ಮೋಡ ಶೇ 10ಕ್ಕಿಂತ ಕಡಿಮೆ’ ಎಂದು ಹುಡುಕಲು ಆಗುವುದು ಇದರಿಂದಲೇ. ಇಲ್ಲಿ ಗಡಿ ಬರೆಯುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನೂ ಒಮ್ಮೆ ತಿರುಗಾಮುರುಗಾ ಬರೆದು, ನನ್ನ ಚಿತ್ರಗಳನ್ನೆಲ್ಲ ಭೂಪಟದ ಇನ್ನೆಲ್ಲೋ ಹುಡುಕಿದ್ದೇನೆ.

ಖರ್ಚಿನ ವಿಷಯ. ಕ್ಲೌಡ್‌ನಿಂದ ಹೊರಗೆ ಇಳಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಶುಲ್ಕ ಬೀಳುತ್ತದೆ. ದತ್ತಾಂಶ ಇರುವ ಕ್ಲೌಡ್ ವಲಯದಲ್ಲೇ (ಸರ್ವರ್‌ಗಳಿರುವ ಪ್ರದೇಶ) ಲೆಕ್ಕಾಚಾರದ ಯಂತ್ರವನ್ನೂ ಹಿಡಿಯಿರಿ. ಅಪರೂಪಕ್ಕೆ ಮುಟ್ಟುವ ಮೂಲ ಪ್ರತಿಗಳು ಅಗ್ಗದ ‘ಕೋಲ್ಡ್’ ಸಂಗ್ರಹಕ್ಕೆ ಹೋಗಲಿ. ಆದರೆ ಅಲ್ಲಿಂದ ವಾಪಸ್ ತೆಗೆಯಲು ಹಣವೂ ಬೇಕು, ಕೆಲವು ಕಡೆ ಗಂಟೆಗಟ್ಟಲೆ ಕಾಯಲೂಬೇಕು. ಮೂಲ ಪ್ರತಿಗಳಿಗೆ ಓದುವ ಅನುಮತಿ ಮಾತ್ರ ಕೊಡಿ.

ಎಲ್ಲ ಮುಗಿದ ಮೇಲೆ ಬೇರೊಂದು ಕಂಪ್ಯೂಟರಿನಿಂದ ಕ್ಯುಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಕಡತದ ಕೊಂಡಿ ಕೊಟ್ಟು ಒಂದು ಮೂಲೆಗೆ ಜೂಮ್ ಮಾಡಿ. ಎರಡು ಮೂರು ಸೆಕೆಂಡಿನಲ್ಲಿ ಮೂಡಿತೇ, ಸರಿ. ಸುಮ್ನೆ ಸುತ್ತುತ್ತಲೇ ಇದ್ದರೆ ಮೊದಲು ನೆಟ್ ನೋಡಿ, ಆಮೇಲೆ ಕಡತದ ರೂಪ ನಿಜಕ್ಕೂ ಬದಲಾಗಿದೆಯೇ ನೋಡಿ.