ಆರ್ಕಿಡ್ ಎಲೆಯ ಕಲೆಗೆ ಮೊದಲು ಮಾರ್ಕರ್, ಆಮೇಲೆ ಔಷಧಿ

ಆರ್ಕಿಡ್ ಎಲೆ ಮೇಲೆ ಕಪ್ಪು ಕಲೆ ಕಂಡ ಕೂಡಲೇ ಸಾಫ್ ಎಂಬ ಶಿಲೀಂಧ್ರನಾಶಕದ ಪೊಟ್ಟಣ ಹುಡುಕುವುದು ನಮ್ಮ ಬಾಲ್ಕನಿ ತೋಟಗಾರರಿಗೆ ಅಭ್ಯಾಸವಾಗಿಬಿಟ್ಟಿದೆ. ನಾನು ಮೊದಲು ಹುಡುಕುವುದು ಪರ್ಮನೆಂಟ್ ಮಾರ್ಕರ್ ಪೆನ್ನು. ಕಲೆಯ ಅಂಚಿಗೆ ಸರಿಯಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಮತ್ತು ಗಂಟೆ ಬರೆಯುತ್ತೇನೆ. ಆ ಗಿಡವನ್ನು ಉಳಿದವುಗಳಿಂದ ದೂರ ಇಟ್ಟು ಒಂದು ದಿನ ನೀರು ಹಾಕುವುದಿಲ್ಲ. ಮರುದಿನ ಅದೇ ಹೊತ್ತಿಗೆ ನೋಡಿದರೆ ಅರ್ಧ ರೋಗನಿದಾನ ಮುಗಿದಿರುತ್ತದೆ.

ಕಲೆ 24 ಗಂಟೆಯಲ್ಲಿ ಗೆರೆ ದಾಟಿ ಅರ್ಧ ಸೆಂಟಿಮೀಟರ್ ಮುಂದೆ ಹೋಗಿದ್ದರೆ ಅದು ಬ್ಯಾಕ್ಟೀರಿಯಾ, ಇಲ್ಲವೇ ಫೈಟಾಫ್ತೊರಾ ಎಂಬ ಕೊಳೆ ತರುವ ಸೂಕ್ಷ್ಮಜೀವಿ. ವಾರಕ್ಕೆ ಎರಡು ಮೂರು ಮಿಲಿಮೀಟರ್ ತೆವಳುತ್ತಿದ್ದರೆ ಸಾಮಾನ್ಯವಾಗಿ ಶಿಲೀಂಧ್ರ. ವಾರವಾದರೂ ಗೆರೆ ದಾಟದಿದ್ದರೆ ರೋಗವೇ ಅಲ್ಲ, ಬಿಸಿಲಿನ ಸುಟ್ಟಗಾಯವೋ ಹಳೆಯ ಪೆಟ್ಟೋ ಇರಬೇಕು. ಇದರ ಜೊತೆಗೆ ಇನ್ನೆರಡು ಪರೀಕ್ಷೆ. ಬೆರಳಿನಿಂದ ಮೆಲ್ಲಗೆ ಒತ್ತಿ ಒದ್ದೆಯೋ ಒಣಗಿದೆಯೋ ನೋಡಬೇಕು. ಎಲೆಯ ಅಡಿಯಿಂದ ಮೊಬೈಲ್ ಟಾರ್ಚ್ ಹಿಡಿದರೆ, ಹಸಿ ಕೊಳೆಯಾಗಿದ್ದಲ್ಲಿ ಕಪ್ಪಿನ ಸುತ್ತ ಬೇಯಿಸಿದ ಸೊಪ್ಪಿನಂತೆ ಪಾರದರ್ಶಕ ಅಂಚು ಕಾಣುತ್ತದೆ. ಆ ಅಂಚು ಕಂಡ ಮೇಲೆ ನಾಳೆಯವರೆಗೆ ಕಾಯುವುದೂ ಬೇಡ, ಬ್ಲೇಡು ಎತ್ತಿಕೊಳ್ಳಬೇಕು.

ಮನೆಗಳಲ್ಲಿ ಹೆಚ್ಚು ಇರುವುದು ಫೆಲನಾಪ್ಸಿಸ್ ಮತ್ತು ಡೆಂಡ್ರೋಬಿಯಂ. ಲಾಲ್‌ಬಾಗಿನ ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಕೈಯಲ್ಲಿ ಹಿಡಿದು ಬರುವುದೂ ಇವನ್ನೇ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಇವೆರಡಕ್ಕೆ. ಮಲೆನಾಡಿನ ಸೀತಾಳೆ ದಂಡೆಯಂಥ ಕಾಡು ಆರ್ಕಿಡ್‌ಗಳು ಮರದ ತುಂಡಿಗೆ ಕಟ್ಟಿಕೊಂಡು ಗಾಳಿಯಲ್ಲಿ ತೂಗುತ್ತಿದ್ದರೆ ಈ ರೋಗಗಳು ಅಷ್ಟಾಗಿ ಹತ್ತಿರ ಸುಳಿಯುವುದಿಲ್ಲ.

ಮಳೆಗಾಲದಲ್ಲಿ ನಾನು ಹೆದರುವುದು ಮೆದು ಕೊಳೆಗೆ. ಹಳಬರು ಎರ್ವಿನಿಯಾ ಎನ್ನುತ್ತಿದ್ದ ಬ್ಯಾಕ್ಟೀರಿಯಾಗಳದೇ ಕೆಲಸ ಇದು. ಎಲೆ ಮೇಲೆ ನೀರು ತುಂಬಿದ ಗುಳ್ಳೆ ಬರುತ್ತದೆ, ಒತ್ತಿದರೆ ಒಡೆದು ಕೆಟ್ಟ ವಾಸನೆಯ ರಸ ಸೋರುತ್ತದೆ. ಬುಡದ ಹತ್ತಿರ ಶುರುವಾದರೆ ಎರಡು ಮೂರು ದಿನದಲ್ಲಿ ಗಿಡವೇ ಮುಗಿಯಬಹುದು. ಫೆಲನಾಪ್ಸಿಸ್‌ಗೆ ಬರುವ ಕಂದು ಚುಕ್ಕೆ ರೋಗವೂ ಬ್ಯಾಕ್ಟೀರಿಯಾದ್ದೇ. ಅದರಲ್ಲಿ ವಾಸನೆ ಇರುವುದಿಲ್ಲ, ಕಲೆಯ ಸುತ್ತ ಹಳದಿ ಬಳೆ ಇರುತ್ತದೆ, ಕಲೆ ಒಳಕ್ಕೆ ಕುಸಿಯುತ್ತದೆ. ಎರಡಕ್ಕೂ ಚಿಕಿತ್ಸೆ ಒಂದೇ.

ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೆ, ಹಸಿರು ಭಾಗದಲ್ಲೇ ಕತ್ತರಿಸಬೇಕು. ಕತ್ತರಿಸಿದ ಮುಖದಲ್ಲಿ ಕಂದು ಗೆರೆ ಅಥವಾ ಒದ್ದೆ ಚುಕ್ಕೆ ಕಂಡರೆ ಇನ್ನೊಂದು ಸೆಂಟಿಮೀಟರ್ ಕೆಳಗೆ, ಹೊಸ ಬ್ಲೇಡಿನಿಂದ. ಎಲೆ ಉಳಿಸಬೇಕೆಂಬ ಕನಿಕರಕ್ಕೆ ಕಲೆಯಂಚಿಗೇ ಕತ್ತರಿಸಿದವರು ಮಾರನೆಯ ದಿನ ಅದೇ ಎಲೆಯನ್ನು ಮತ್ತೆ ಕತ್ತರಿಸುತ್ತಾರೆ. ಗಾಯಕ್ಕೆ ಚಕ್ಕೆ ಪುಡಿ ತೆಳ್ಳಗೆ ಹಚ್ಚುತ್ತೇನೆ. ಅದು ಗಾಯ ಬೇಗ ಒಣಗಲಿ ಎಂದಷ್ಟೇ, ಒಳಗೆ ಇಳಿದ ರೋಗಕ್ಕೆ ಅದು ಮದ್ದಲ್ಲ. ಬೇರಿಗಂತೂ ತಾಗಿಸಬಾರದು, ಒಳ್ಳೆಯ ಬೇರನ್ನೂ ಒಣಗಿಸಿಬಿಡುತ್ತದೆ. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ 50% ಪುಡಿ, ಅಂಗಡಿಯಲ್ಲಿ ಬ್ಲೈಟಾಕ್ಸ್ ಎಂದು ಕೇಳಿದರೆ ಸಿಗುತ್ತದೆ, ಲೀಟರಿಗೆ 2 ಗ್ರಾಂ. ಅಥವಾ ಕಾಸುಗಮೈಸಿನ್ 3% ದ್ರಾವಣ ಲೀಟರಿಗೆ 2 ಮಿಲಿ. ಡೆಂಡ್ರೋಬಿಯಂಗೆ ತಾಮ್ರ ಹೊಡೆಯುವುದಿಲ್ಲ, ಎಲೆ ಸುಟ್ಟು ಉದುರುತ್ತದೆ, ಅದಕ್ಕೆ ಕಾಸುಗಮೈಸಿನ್ ಮಾತ್ರ. ಅರಳಿದ ಹೂವಿಗೂ ತಾಮ್ರ ಬೇಡ. ಔಷಧಿ ಯಾವುದೇ ಇರಲಿ, ಐದು ದಿನ ನೀರು ಬಂದ್, ಸಣ್ಣ ಫ್ಯಾನು ಹಗಲೂ ರಾತ್ರಿ. ಔಷಧಿ ಇಲ್ಲದೆ ಫ್ಯಾನಿನಿಂದ ಉಳಿದ ಗಿಡಗಳುಂಟು. ಫ್ಯಾನಿಲ್ಲದೆ ಬರೀ ಔಷಧಿಯಿಂದ ಉಳಿದದ್ದು ಕಡಿಮೆ.

ಎರಡು ಗ್ರಾಮನ್ನು ಚಮಚದಲ್ಲಿ ಅಳೆಯುವುದು ಜೂಜು. ಪುಡಿಯ ಗಾತ್ರ ಕಂಪನಿಯಿಂದ ಕಂಪನಿಗೆ ಬೇರೆ. 0.1 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಇಟ್ಟುಕೊಳ್ಳಿ. ಗ್ಲೌಸು, ಮಾಸ್ಕು ಹಾಕಿಕೊಂಡು ಟೆರೇಸಿನ ಮೇಲೆ ಸಿಂಪಡಿಸಬೇಕೇ ಹೊರತು ಹಾಲ್‌ನಲ್ಲಿ ಅಲ್ಲ. ಕಲಸಿದ್ದು ಅಂದೇ ಮುಗಿಯಬೇಕು.

ಇನ್ನು ಸುಳಿ ಕೊಳೆ. ಫೆಲನಾಪ್ಸಿಸ್‌ನ ನಡು ಎಲೆ ಹಿಡಿದು ಮೆಲ್ಲಗೆ ಎಳೆದರೆ ಬುಡ ಕಪ್ಪಾಗಿ ಕಿತ್ತು ಬರುತ್ತದೆ. ರಾತ್ರಿ ಸುಳಿಯಲ್ಲಿ ನೀರು ನಿಂತದ್ದು ಕಾರಣ, ಫೈಟಾಫ್ತೊರಾ ಅದರ ಲಾಭ ಪಡೆಯುತ್ತದೆ. ಅಡಕೆ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ, ಕೊಳೆರೋಗ ತರುವುದೂ ಇದೇ ಕುಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸಿ ದಾರಿ ತೋರಿಸಿದ್ದು ಇದರ ವಿರುದ್ಧವೇ. ಹಾಗೆಂದು ಊರಿನಿಂದ ಬೋರ್ಡೋ ತಂದು ಬಾಲ್ಕನಿಯ ಡೆಂಡ್ರೋಬಿಯಂಗೆ ಹೊಡೆಯಬೇಡಿ, ಅದೂ ತಾಮ್ರವೇ.

ಸಾಫ್ ಸೋಲುವುದು ಇಲ್ಲಿ. ಅದರಲ್ಲಿರುವುದು ಕಾರ್ಬೆಂಡಜಿಮ್ 12% ಮತ್ತು ಮ್ಯಾಂಕೊಜೆಬ್ 63%. ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಹತ್ತಿರದ ನೆಂಟ. ಕಾರ್ಬೆಂಡಜಿಮ್ ಅದಕ್ಕೆ ನಾಟುವುದೇ ಇಲ್ಲ. ಮ್ಯಾಂಕೊಜೆಬ್ ಎಲೆಯ ಹೊರಗೆ ಕಾವಲು ನಿಲ್ಲುತ್ತದೆ, ಒಳಗೆ ಹೊಕ್ಕ ಕಳ್ಳನನ್ನು ಹಿಡಿಯುವುದಿಲ್ಲ. ಬೇಕಾದದ್ದು ಫೊಸೆಟೈಲ್ ಅಲ್ಯೂಮಿನಿಯಂ, ಅಂದರೆ ಅಲಿಯೆಟ್, ಲೀಟರಿಗೆ 2 ಗ್ರಾಂ. ಎಲೆಗೂ ಸಿಂಪಡಿಸಿ, ಕುಂಡಕ್ಕೂ ಸುರಿಯಬಹುದು, ಎಲೆಯಿಂದ ಬೇರಿನವರೆಗೂ ಇಳಿಯುತ್ತದೆ. ಎರಡು ವಾರ ಬಿಟ್ಟು ಇನ್ನೊಮ್ಮೆ. ಇದನ್ನು ತಾಮ್ರದ ಜೊತೆ ಬೆರೆಸಬಾರದು, ತಾಮ್ರ ಹೊಡೆದ ಗಿಡಕ್ಕೆ ಬೆನ್ನಿಗೇ ಹೊಡೆಯಲೂಬಾರದು. ಅಲಿಯೆಟ್ ದ್ರಾವಣ ಹುಳಿ, ಹುಳಿಯಲ್ಲಿ ತಾಮ್ರ ಹೆಚ್ಚು ಕರಗಿ ಎಲೆ ಸುಡುತ್ತದೆ.

ಕೊಳೆತ ಎಲೆ ಕಿತ್ತ ಮೇಲೆ ಸುಳಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಚಮಚ ಹಾಕುತ್ತೇನೆ. ನೊರೆ ನಿಂತ ಮೇಲೆ ಟಿಶ್ಯೂ ಪೇಪರಿನಿಂದ ಹೀರಿ ತೆಗೆದು, ಗಿಡವನ್ನು ಓರೆಯಾಗಿ ಮಲಗಿಸುತ್ತೇನೆ. ಒಂದೇ ಸಲ. ದಿನಾ ಹಾಕಿದರೆ ಬದುಕಿರುವ ಜೀವಕೋಶವೂ ಸಾಯುತ್ತದೆ. ಸುಳಿ ಸತ್ತ ಫೆಲನಾಪ್ಸಿಸ್ ಅಲ್ಲಿಂದ ಮತ್ತೆ ಎಲೆ ಬಿಡುವುದಿಲ್ಲ. ಆದರೆ ಕೆಳಗಿನ ಎರಡು ಎಲೆ ಮತ್ತು ಬೇರು ಗಟ್ಟಿಯಾಗಿದ್ದರೆ ಕೆಲವು ತಿಂಗಳಲ್ಲಿ ಬುಡದಿಂದ ಮರಿ ಬರಬಹುದು.

ಮೇ ಕೊನೆ, ಜೂನ್ ಹೊತ್ತಿಗೆ ಸೆಖೆ ಮತ್ತು ತೇವ ಎರಡೂ ಸೇರಿದಾಗ ಬುಡದ ಸುತ್ತ ಬಿಳಿ ಹತ್ತಿಯಂಥ ಎಳೆ, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ. ಶೇಂಗಾ ಬೆಳೆಯುವವರಿಗೆ ಬುಡ ಕೊಳೆಯಾಗಿ ಗೊತ್ತಿರುವುದೇ. ಇದಕ್ಕೆ ನಾನು ಚಿಕಿತ್ಸೆ ಮಾಡುವುದಿಲ್ಲ. ಆ ಸಾಸಿವೆ ಗುಂಡುಗಳು ಕುಂಡದೊಳಗೆ ವರ್ಷಗಟ್ಟಲೆ ಬದುಕುತ್ತವೆ. ಗಿಡ, ಕುಂಡದೊಳಗಿನ ಇದ್ದಿಲು, ತೆಂಗಿನ ಸಿಪ್ಪೆ ಎಲ್ಲವನ್ನೂ ಕವರಿನಲ್ಲಿ ಕಟ್ಟಿ ಎಸೆಯುವುದೇ ಸರಿ. ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಬಾರದು.

ಒಣ ಕಲೆಗಳಿಗೆ ಇಷ್ಟು ಅವಸರ ಬೇಡ. ಎಲೆ ತುದಿಯಿಂದ ಒಳಕ್ಕೆ ಬರುವ ಕಂದು ಬಣ್ಣ, ಅದರಲ್ಲಿ ಬಳೆ ಬಳೆಯಾಗಿ ಗೆರೆಗಳು, ನಡುವೆ ಕರಿ ಚುಕ್ಕಿ ಇದ್ದರೆ ಚಿಬ್ಬು ರೋಗ. ಸಾಫ್‌ಗೆ ನಿಜವಾದ ಕೆಲಸ ಇಲ್ಲಿದೆ. ಕಲೆಯಿಂದ ಒಂದು ಸೆಂಟಿಮೀಟರ್ ಆಚೆಗೆ ಕತ್ತರಿಸಿ, ಸಾಫ್ ಲೀಟರಿಗೆ 2 ಗ್ರಾಂ, ಹತ್ತು ಹನ್ನೆರಡು ದಿನದ ಅಂತರದಲ್ಲಿ ಎರಡು ಸಲ. ಚಿಬ್ಬು ಸಾಮಾನ್ಯವಾಗಿ ಸೊರಗಿದ ಗಿಡಕ್ಕೋ ಬಿಸಿಲಿನಲ್ಲಿ ಸುಟ್ಟ ಎಲೆಗೋ ಬರುವುದರಿಂದ, ಅದು ಯಾಕೆ ಸೊರಗಿತು ಎಂದು ಬೇರು ನೋಡದೆ ಬಿಡಬಾರದು. ಪಶ್ಚಿಮಕ್ಕೆ ತೆರೆದ ಬಾಲ್ಕನಿಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಎಲೆಯ ನಡುವೆ ಬೆಳ್ಳಗಾಗಿ ಕಾಗದದಂತೆ ಒಣಗಿದರೆ ಅದು ಬಿಸಿಲು. ಎಲೆ ಮುಟ್ಟಿದರೆ ಬಿಸಿ ಎನಿಸುತ್ತದೆ. ಏನೂ ಹೊಡೆಯದೆ 75% ಶೇಡ್ ನೆಟ್ ಕಟ್ಟಿದರಾಯಿತು. ತೀರಾ ಕೆಳಗಿನ ಒಂದು ಎಲೆ ಹಳದಿಯಾಗಿ ಉದುರುವುದಂತೂ ವಯಸ್ಸು.

ಅದೇ ಒಣ ತಿಂಗಳುಗಳಲ್ಲಿ ಎಲೆಯ ಅಡಿಭಾಗ ಬೆಳ್ಳಿಯಂತೆ ಹೊಳೆದು ಸೂಜಿ ಚುಚ್ಚಿದಂತೆ ಕಂಡರೆ ನುಸಿ. ಬಿಳಿ ಟಿಶ್ಯೂ ಒರೆಸಿದರೆ ಕೆಂಗಂದು ಕೊಳೆ ಹತ್ತುತ್ತದೆ. ಕೀಟನಾಶಕಗಳು ಬಹುತೇಕ ನುಸಿಗೆ ನಾಟುವುದಿಲ್ಲ, ಅದು ಜೇಡದ ಬಳಗ. ಎಲೆಯ ಎರಡೂ ಕಡೆ ತೊಳೆದು, ಸಂಜೆ ತಂಪಾದ ಮೇಲೆ ನೀರಿನಲ್ಲಿ ಕರಗುವ ಗಂಧಕ 80% ಲೀಟರಿಗೆ 2 ಗ್ರಾಂ, ವಾರಕ್ಕೊಮ್ಮೆ ಮೂರು ಸಲ, ಮೊಟ್ಟೆ ಒಡೆದು ಬರುವವುಗಳಿಗಾಗಿ. ಬೇವಿನೆಣ್ಣೆ ಹೊಡೆದು ಮೂರು ವಾರ ಆಗಿರದಿದ್ದರೆ ಗಂಧಕ ಮುಟ್ಟಬೇಡಿ, ಎರಡೂ ಸೇರಿ ಎಲೆ ಸುಡುತ್ತವೆ. ಹಿಟ್ಟು ತಿಗಣೆಗೆ 70% ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿ ಸಾಕು, ಎಲೆಯ ಬುಡದ ಸಂದು ಬಿಡಬಾರದು. ಹೂದಂಟಿನ ಮೇಲೆ ಅಂಟು ಹನಿ ಕಂಡರೆ ಮಾತ್ರ ಗಾಬರಿ ಬೇಡ. ಫೆಲನಾಪ್ಸಿಸ್ ತಾನೇ ಸಿಹಿ ರಸ ಬಿಡುತ್ತದೆ, ಇರುವೆಗೂ ಅದು ಗೊತ್ತು.

ಬ್ಲೇಡಿನ ವಿಷಯದಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಒಂದು ಗಿಡಕ್ಕೆ ಒಂದು ಶೇವಿಂಗ್ ಬ್ಲೇಡು, ಆಮೇಲೆ ಎಸೆತ. ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡೊಂಟೊಗ್ಲೋಸಂ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ಕತ್ತರಿಯ ಮೇಲಿನ ರಸದಲ್ಲೇ ಗಿಡದಿಂದ ಗಿಡಕ್ಕೆ ಹೋಗುತ್ತವೆ. ಆಲ್ಕೊಹಾಲ್ ಒರೆಸುವುದನ್ನು ಇವಕ್ಕೆ ನಂಬುವಂತಿಲ್ಲ. ಎಲೆಯಲ್ಲಿ ಒಳಕ್ಕೆ ಕುಸಿದ ಕಪ್ಪು ಗೀರು, ಹೂವಿನ ಬಣ್ಣದಲ್ಲಿ ಒಡೆದ ಪಟ್ಟೆ ಕಂಡರೆ ಅನುಮಾನಿಸಬೇಕು. ಕಣ್ಣಿನಿಂದ ಖಚಿತವಾಗುವುದಿಲ್ಲ, ಟೆಸ್ಟ್ ಸ್ಟ್ರಿಪ್ ಬೇಕು. ಖಚಿತವಾದರೆ ಮದ್ದಿಲ್ಲ. ಹಳೆಯ ಕುಂಡ ಮತ್ತೆ ಬಳಸುವುದಾದರೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಅರ್ಧ ಗಂಟೆ ನೆನೆಸಿ ಚೆನ್ನಾಗಿ ತೊಳೆಯುವುದು.

ಈ ಎಲ್ಲಕ್ಕಿಂತ ಹೆಚ್ಚು ಗಿಡ ಸಾಯುವುದು ಬೇರು ಕೊಳೆತು. ಎಲೆ ಬಾಡಿ ಸುಕ್ಕುಗಟ್ಟುತ್ತದೆ, ನೀರು ಸಾಲಲಿಲ್ಲವೆಂದು ಇನ್ನಷ್ಟು ಹಾಕುತ್ತೇವೆ, ಇದ್ದ ಬೇರೂ ಹೋಗುತ್ತದೆ. ನೀರು ಕಡಿಮೆಯಾದಾಗಲೂ ಬೇರು ಕೊಳೆತಾಗಲೂ ಎಲೆ ಸುಕ್ಕಾಗುವುದು ಒಂದೇ ರೀತಿ. ವ್ಯತ್ಯಾಸ ತಿಳಿಯಲು ಕುಂಡದಿಂದ ಹೊರಗೆ ತೆಗೆಯಲೇಬೇಕು. ಬೇರು ಗಟ್ಟಿಯಾಗಿ ಬಿಳಿ ಅಥವಾ ಹಸಿರಾಗಿದ್ದರೆ ಬದುಕಿದೆ. ಬೆರಳಲ್ಲಿ ಹಿಡಿದೆಳೆದಾಗ ಹೊರಸಿಪ್ಪೆ ಜಾರಿ ಒಳಗೆ ದಾರ ಮಾತ್ರ ಉಳಿದರೆ ಸತ್ತಿದೆ. ಹೊಸದಾಗಿ ಕೊಂಡ ಫೆಲನಾಪ್ಸಿಸ್‌ನ ಬೇರಿನ ನಡುವೆ ನರ್ಸರಿಯವರು ಇಟ್ಟ ಸ್ಫ್ಯಾಗ್ನಂ ಮಾಸ್ (ನೀರು ಹಿಡಿದಿಡುವ ಒಣ ಹಾವಸೆ) ಗಟ್ಟಿ ಉಂಡೆಯೊಂದು ಅಡಗಿರುವುದುಂಟು. ಹೊರಗೆ ಒಣಗಿ ಕಂಡರೂ ಆ ಉಂಡೆ ವಾರಗಟ್ಟಲೆ ಒದ್ದೆ. ಹೂ ಮುಗಿದ ಕೂಡಲೇ ಚಿಮಟದಿಂದ ಅದನ್ನು ಬಿಡಿಸಿ ತೆಗೆಯುತ್ತೇನೆ. ಕೋಕೋಪೀಟ್ ತುಂಬಿದ ಕುಂಡವಾದರೆ ಹೂ ಮುಗಿಯುವವರೆಗೂ ಕಾಯುವುದಿಲ್ಲ.

ಸತ್ತ ಬೇರು ಕತ್ತರಿಸಿ ಗಿಡವನ್ನು ಒಂದು ರಾತ್ರಿ ನೆರಳಲ್ಲಿ ಬರಿಬೇರಾಗಿ ಬಿಡುತ್ತೇನೆ. ಮರುದಿನ ಉಳಿದ ಬೇರಿಗೆ ತಕ್ಕಷ್ಟೇ ಚಿಕ್ಕದಾದ, ಪಕ್ಕಕ್ಕೂ ತೂತಿರುವ ಪಾರದರ್ಶಕ ಕುಂಡ. ಒಳಗೆ ಒಂದೂವರೆ ಸೆಂಟಿಮೀಟರ್ ಗಾತ್ರದ ತೆಂಗಿನ ಸಿಪ್ಪೆ ತುಂಡು ಆರು ಪಾಲು, ಇದ್ದಿಲು ಮೂರು, ಇಟ್ಟಿಗೆ ಚೂರು ಒಂದು. ಸಿಪ್ಪೆಯಲ್ಲಿ ಉಪ್ಪಿರುವುದರಿಂದ ಮೂರು ದಿನ ನೆನೆಸಿ ದಿನಾ ನೀರು ಬದಲಿಸಬೇಕು. ಕೊನೆಯ ದಿನದ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ), ಹಾಕಿದ ನೀರಿನದಕ್ಕಿಂತ ಹೆಚ್ಚು ಏರದಿದ್ದರೆ ಸಿಪ್ಪೆ ಸಿದ್ಧ. ನೆಟ್ಟ ಮೇಲೆ ನಾಲ್ಕು ದಿನ ನೀರು ಬೇಡ.

ಬೇರಿನ ತುದಿ ಮಾತ್ರ ಕಪ್ಪಾಗಿ, ಉಳಿದದ್ದು ಚೆನ್ನಾಗಿದ್ದರೆ ರೋಗವಲ್ಲ, ಉಪ್ಪು. ಕಾವೇರಿ ನೀರು ಆರ್ಕಿಡ್‌ಗೆ ಒಗ್ಗುತ್ತದೆ. ಬೋರ್‌ವೆಲ್ ನೀರಾದರೆ ಟಿಡಿಎಸ್ ನೋಡಿ, 300 ದಾಟಿದರೆ ಮಳೆನೀರು ಅಥವಾ ಆರ್‌ಓ ನೀರು ಬೆರೆಸುತ್ತೇನೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಕೈಗೆ ನುಣುಪಾಗಿದ್ದರೂ ಅದರಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, ಅದು ಬೇಡ. ಉದ್ಯಾನಕ್ಕೆಂದು ಬಿಡುವ ಎಸ್‌ಟಿಪಿ ನೀರು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರೂ ಬೇಡ. ಮಳೆಗಾಲದಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ನೀರು, ಸಂಜೆ ಎಲೆಯ ಮೇಲೆ ಒಂದು ಹನಿಯೂ ಇರಬಾರದು. ಜುಲೈಯಲ್ಲಿ ಎಲೆಗೆ ಮಂಜು ಸಿಂಪಡಿಸಿ ಎನ್ನುವ ಸಲಹೆ ಬೆಂಗಳೂರಿಗಲ್ಲ.

ಒಂದೂ ಬೇರು ಉಳಿಯದ ಗಿಡಕ್ಕೂ ಒಂದು ದಾರಿಯಿದೆ. ಸ್ಫ್ಯಾಗ್ನಂ ಮಾಸ್ ನೆನೆಸಿ, ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದ ತಳದಲ್ಲಿ ಹರಡಬೇಕು. ಗಿಡದ ಬುಡ ಮಾಸ್‌ಗೆ ಸ್ವಲ್ಪ ಮೇಲಿರಲಿ, ತಾಗದಂತೆ. ಚೀಲದ ಬಾಯಿ ಸಡಿಲವಾಗಿ ಕಟ್ಟಿ ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟು, ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ತೆರೆದು ಬೂಷ್ಟು ಬಂದಿದೆಯೇ ನೋಡುವುದು. ಎಲೆ ಸುಕ್ಕಾಗಿಯೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರರಿಂದ ಹತ್ತು ವಾರದಲ್ಲಿ ಬುಡದಿಂದ ಹಸಿರು ತುದಿಯ ಬೇರು ಚಾಚುತ್ತದೆ. ಅದು ಎರಡು ಇಂಚು ಆಗುವವರೆಗೆ ಕುಂಡವೂ ಬೇಡ, ಗೊಬ್ಬರವೂ ಬೇಡ. ಆಮೇಲೆ 19:19:19 ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ.